ನಿಕನೋರ್ ಕಾಯುತ್ತಿದ್ದ ಸಾಲು

ಮಳೆ ಬೇಡುವ ಮೇ ತಿಂಗಳ ಹಬ್ಬದ ಶಿಲುಬೆಗೆ ಹೂವು ಮುಡಿಸಿ ಮುಗಿಯುವ ಹೊತ್ತಿಗೆ ಬಾಸಿಲಿಯಾಳ ಅಂಗಳ ತುಂಬಿಹೋಗಿತ್ತು. ಪ್ರತಿ ವರ್ಷ ಈ ಸಂಜೆ, ಹಾಡು ಶುರುವಾಗುವ ಮೊದಲು, ತೀರಿಹೋದ ಗಂಡ ನಿಕನೋರ್ ಶಿಲುಬೆಯ ಮುಂದೆ ನಿಂತು ಪದ್ಯ ಹೇಳಿದ ವಿಡಿಯೋ ಕ್ಯಾಸೆಟ್ ಹಾಕಲೇಬೇಕು. ಮೂವತ್ತು ವರ್ಷದ ಸವೆದ ಟೇಪು. ಚಿತ್ರ ನೀರಿನಲ್ಲಿ ಕಂಡಂತೆ ಅಲುಗುತ್ತಿತ್ತು.

ಈ ಸಲ ಅವಳ ಅಣ್ಣನ ಮಗ ಯೊರ್ಮನ್ ಅದನ್ನು ರಾಜಧಾನಿ ಕರಾಕಾಸಿನ ಅಂಗಡಿಗೆ ಒಯ್ದು, ಗೀರುಗಳನ್ನೆಲ್ಲ ತೆಗೆಸಿ, ಪೆನ್‌ಡ್ರೈವಿಗೆ ಹಾಕಿಸಿ ತಂದಿದ್ದ. ಜೊತೆಗೊಂದು ಗೋಡೆಯಗಲದ ಟಿವಿ.

"ಕ್ಯಾಸೆಟ್ಟು ಎಲ್ಲೋ?"

"ಕಾರಲ್ಲಿದೆ ಅತ್ತೆ. ಇನ್ನು ಅದ್ಯಾಕೆ? ಮಾವ ಎದುರಿಗೇ ಬಂದು ನಿಂತ ಹಾಗಿರ್ತಾರೆ, ನೋಡ್ತಿರಿ."

ಅಷ್ಟು ಪ್ರೀತಿಯಿಂದ ಮಾಡಿಸಿ ತಂದವನಿಗೆ ಬೇಡ ಅನ್ನುವುದು ಹೇಗೆ? ಆದರೆ ಗಂಡನ ಜೊತೆ ದನಿಗೂಡಿಸುವ ಭಾಗ್ಯ ಬಾಸಿಲಿಯಾಳಿಗಿದ್ದದ್ದು ವರ್ಷಕ್ಕೊಮ್ಮೆ, ಆ ಟೇಪಿನಲ್ಲಿ. ನಾಲ್ಕನೇ ಪದ್ಯದ ಹತ್ತಿರ ಅದು ಹಾಳಾಗಿತ್ತು. ನಿಕನೋರನ ಬಾಯಿ ಆಡುತ್ತಿತ್ತು, ದನಿ ಬರುತ್ತಿರಲಿಲ್ಲ. ಆ ಒಂದು ಸಾಲನ್ನು ಕೂತವರೆಲ್ಲ ಸೇರಿ ಹೇಳಿಕೊಡುವುದು ಆ ಮನೆಯ ವಾಡಿಕೆಯಾಗಿಬಿಟ್ಟಿತ್ತು.

ಹೊಸ ಪರದೆ ಝಗ್ಗೆಂದು ಬೆಳಗಿತು. ಪಕ್ಕದ ಮನೆಯ ತೊಮಾಸಾ ಕೂಗಿದಳು: "ಅಯ್ಯೋ ಬಾಸಿಲಿಯಕ್ಕ, ನಿನ್ ಗಂಡನ ಅಂಗೀಗೆ ಗುಂಡೀನೇ ಇಲ್ವಲ್ಲೇ!"

"ಮೂವತ್ತು ವರ್ಷ ಮುಚ್ಚಿಟ್ಟಿದ್ದೆ ಕಣೇ. ಇವನು ಬಯಲಿಗೆಳೆದ!"

ನಾಲ್ಕನೇ ಪದ್ಯ ಬಂತು. ಎಲ್ಲರೂ ಉಸಿರು ಎಳೆದುಕೊಂಡು ಒಕ್ಕೊರಲಿನಿಂದ ಎತ್ತಿದರು: "ಶಿಲುಬೆ ತಾಯಿ, ಮಳೆ ತಾ..."

ಅಂಗಡಿಯವರು ಹಾಳಾದ ತುಣುಕನ್ನು ಕತ್ತರಿಸಿಬಿಟ್ಟಿದ್ದರು. ನಿಕನೋರ್ ಆಗಲೇ ಮುಂದಿನ ಸಾಲಿನಲ್ಲಿದ್ದ. ದನಿಗೆ ದನಿ ಡಿಕ್ಕಿ ಹೊಡೆಯಿತು.

"ಯಾಕಪ್ಪಾ ನಿಕನೋರ್, ಇಷ್ಟು ಅವಸರ!" ಎಂದು ಯಾರೋ ಕೂಗಿದರು. ಅಂಗಳವೆಲ್ಲ ನಕ್ಕಿತು. ಬಾಸಿಲಿಯಾ ಮಾತ್ರ ನಗಲಿಲ್ಲ.

"ಅವ್ರು ನಮ್ಗೆ ಕಾಯ್ಲೇ ಇಲ್ವಲ್ಲೋ," ಎಂದಳು ಮೆಲ್ಲಗೆ.

ಯೊರ್ಮನ್ ಒಂದು ಗಳಿಗೆ ಅವಳ ಮುಖ ನೋಡಿದ. ಕಾರಿಗೆ ಓಡಿದ.

ಹಳೆಯ ಟಿವಿ, ವಿಸಿಆರ್ ಹೊರಬಂದವು, ಕ್ಯಾಸೆಟ್ ಒಳಹೋಯಿತು. ಮಸುಕು ಮಸುಕಾಗಿ ನಿಕನೋರ್ ಎದ್ದು ನಿಂತ. ನಾಲ್ಕನೇ ಪದ್ಯಕ್ಕೆ ಬಂದಾಗ ಚಿತ್ರ ನಡುಗಿತು, ದನಿ ನಿಂತಿತು, ಬರೀ ತುಟಿ ಆಡಿತು.

"ಶಿಲುಬೆ ತಾಯಿ, ಮಳೆ ತಾ, ಮೊದಲು ನೆರೆಮನೆಗೆ!"

ಎಲ್ಲರಿಗಿಂತ ಜೋರಾಗಿ ಕೂಗಿದವನು ಯೊರ್ಮನ್, ಅದೂ ತಾಳ ತಪ್ಪಿ. ಸಾಲು ಮುಗಿದದ್ದೇ ತಡ, ನಿಕನೋರನ ದನಿ ಮರಳಿ ಬಂದು ಅವರ ಮಾತಿಗೆ ತನ್ನ ಮಾತು ಸೇರಿಸಿತು. ಬಾಸಿಲಿಯಾಳ ಮುಖ ಅರಳಿತು.

"ಅಕ್ಕಾ, ಹಾಡು ಶುರು ಮಾಡೋಕೆ ಡೋಲಿನವರು ಕಾಯ್ತಾವ್ರೆ," ಎಂದಳು ತೊಮಾಸಾ.

"ಕಾಯ್ಲಿ ಬಿಡೇ. ಯೊರ್ಮನ್, ಟೇಪು ಸ್ವಲ್ಪ ಹಿಂದಕ್ಕೆ ಓಡ್ಸೋ."