ಕೆಂಪು ದಾರದ ನೊಣ

"ಅಜ್ಜೀ! ಅಜ್ಜೀ, ನೀವೇ ಗೆದ್ರಿ!"

ಕೂಗುತ್ತಲೇ ಲಾವಣ್ಯ ಗೇಟು ತಳ್ಳಿಕೊಂಡು ಓಡಿಬಂದಳು. ಸಾದಲಿಯಲ್ಲಿ ಬಸ್ಸಿಳಿದವಳು ಆಟೊಗೂ ಕಾಯದೆ ಎರಡು ಕಿಲೋಮೀಟರು ನಡೆದಿದ್ದಳು. ಕೈಯಲ್ಲಿ ಮಡಿಸಿದ ಕಾಗದವಿತ್ತು. ಅಂಗಳದಲ್ಲಿ ಹಸಿಬಿದಿರಿನ ಚಟ್ಟಕ್ಕೆ ಹಗ್ಗ ಬಿಗಿಯುತ್ತಿದ್ದ ನಾಲ್ವರು ತಲೆಯೆತ್ತಿ ನೋಡಿದರು. ಜಗಲಿಯ ಮೇಲೆ ಅಜ್ಜಿ ವೆಂಕಟರತ್ನಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಕೊರಳಲ್ಲಿ ಸೇವಂತಿಗೆ ಹಾರ.

ಲಾವಣ್ಯ ನಿಂತಲ್ಲೇ ನಿಂತಳು.

"ಬೆಳಗ್ಗೆ ಕಾಫಿ ಕುಡಿದ್ರು ಕಣಮ್ಮ. ತೋಟಕ್ಕೆ ಹೋಗ್ಬರ್ತೀನಿ ಅಂತ ಎದ್ದೋರು ಹಂಗೇ ಕುಸಿದ್ರು," ಎಂದ ಅಜ್ಜಿಯ ಮಗ ಚಲಪತಿ. ಕುಡುಮಲಕುಂಟೆಯ ಕಾರ್ಖಾನೆಯಿಂದ ನೇರ ಬಂದವನು ಇನ್ನೂ ನೀಲಿ ಸಮವಸ್ತ್ರದಲ್ಲೇ ಇದ್ದ. "ನಿಮಗೆ ಫೋನ್ ಮಾಡ್ಬೇಕು ಅಂತಾನೂ ಹೊಳೀಲಿಲ್ಲ."

ಲಾವಣ್ಯ ಜಗಲಿ ಹತ್ತಿ ಅಜ್ಜಿಯ ಪಾದದ ಬಳಿ ಕುಸಿದು ಅತ್ತಳು. ಪಕ್ಕದ ಮನೆಯ ಅಶ್ವತ್ಥಮ್ಮ ಅವಳ ಬೆನ್ನು ಸವರಿದಳು.

"ಅದೇನೋ ಗೆದ್ರಿ ಅಂದ್ಯಲ್ಲ, ಏನಮ್ಮ ಅದು?"

"ಈಗ ಬೇಡ ಬಿಡಿ."

"ಯಾಕೆ ಬೇಡ? ಅವಳ ಮುಂದೇನೇ ಹೇಳು."

*

ಮೂರು ವರ್ಷಗಳ ಹಿಂದೆ, ಹಣ್ಣುನೊಣದ ಸಂಶೋಧನೆಗೆಂದು ಲಾವಣ್ಯ ಈ ಊರಿನ ಮಾವಿನ ತೋಟಗಳಲ್ಲಿ ಬಾಟಲಿ ಬಲೆಗಳನ್ನು ತೂಗುಹಾಕಿದ್ದಳು. ಒಳಗಿನ ಮದ್ದಿನ ವಾಸನೆಗೆ ನೊಣಗಳು ರಾಶಿರಾಶಿಯಾಗಿ ಬಿದ್ದವು. ಆದರೂ ಹಣ್ಣು ಕೊಯ್ದರೆ ಒಳಗೆ ಹುಳು. ಇದೆಲ್ಲ ಮೋಸ ಎಂದು ಮೊದಲು ಬಾಟಲಿ ಕಿತ್ತೆಸೆದವನು ವೆಂಕಟರತ್ನಮ್ಮನ ಮೈದುನ ಮುನಿಶಾಮಪ್ಪ. ಊರೂ ಅವನ ಹಿಂದೆಯೇ ಹೋಯಿತು.

ವೆಂಕಟರತ್ನಮ್ಮ ಮಾತ್ರ ಕೀಳಲಿಲ್ಲ. ಮರದಡಿ ಗಂಟೆಗಟ್ಟಲೆ ನಿಂತು ನೋಡಿದಳು.

"ಬಾಟ್ಲಿಗೆ ಬೀಳೋ ನೊಣ ಬೇರೆ, ಹಣ್ಣಿಗೆ ಚುಚ್ಚೋ ನೊಣ ಬೇರೆ ಕಣಮ್ಮ," ಎಂದಳು ಒಂದು ಗುರುವಾರ, ಲಾವಣ್ಯ ಎಂದಿನಂತೆ ಬಲೆ ನೋಡಲು ಬಂದಾಗ.

"ಇಲ್ಲ ಅಜ್ಜಿ. ಬಾಟ್ಲಿಗೆ ಬೀಳೋದು ಗಂಡು, ಚುಚ್ಚೋದು ಹೆಣ್ಣು. ಜಾತಿ ಒಂದೇ."

"ಗಂಡು ಹೆಣ್ಣು ನಂಗೆ ಗೊತ್ತಾಗಲ್ವಾ? ಎರಡರಲ್ಲೂ ಗಂಡೂ ಅವೆ, ಹೆಣ್ಣೂ ಅವೆ. ಒಂದು ಹಣ್ಣಿನ ಮೇಲೆ ಬರೀ ರೆಕ್ಕೆ ಆಡಿಸ್ತಾ ಓಡಾಡ್ತದೆ. ಇನ್ನೊಂದು ನಿಂತು ನಿಂತು ನಡೆದು ಚುಚ್ತದೆ. ಅದರ ಗಂಡು ಬಾಟ್ಲಿ ಕಡೆ ತಿರುಗೂ ನೋಡಲ್ಲ."

ಲಾವಣ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದಳು. ರೆಕ್ಕೆಯ ಗೆರೆ, ಬೆನ್ನಿನ ಹಳದಿ ಪಟ್ಟಿ, ಎಲ್ಲ ಒಂದೇ. ಹಾಗೆಂದು ಹೇಳಿದಾಗ ಅಜ್ಜಿ ವಾದಿಸಲಿಲ್ಲ. ಮುಂದಿನ ಗುರುವಾರದ ಹೊತ್ತಿಗೆ ಹಣ್ಣಿನ ಮೇಲೆ ಲೋಟ ಕವುಚಿ ಕವುಚಿ ನಲವತ್ತು ನೊಣ ಹಿಡಿದು, ಲಾವಣ್ಯ ಕೊಟ್ಟಿದ್ದ ಪುಟ್ಟ ಕೊಳವೆಗಳಿಗೆ ತುಂಬಿದ್ದಳು. ನಿಂತು ನಡೆಯುವುದರ ಕೊಳವೆಗೆ ಕೆಂಪು ದಾರ, ಮತ್ತೊಂದರ ಕೊಳವೆಗೆ ಬಿಳಿ ದಾರ ಕಟ್ಟಿದ್ದಳು.

ಅಜ್ಜಿಯ ಮನಸ್ಸು ನೋಯಿಸಲಾರದೆ ಲಾವಣ್ಯ ಅವನ್ನು ಡಿಎನ್‌ಎ ಪರೀಕ್ಷೆಗೆ ಕಳಿಸಿದಳು. ದಾರಗಳನ್ನು ಬಿಚ್ಚಿ, ಬರೀ ನಂಬರು ಬರೆದಳು. ಯಾವುದು ಯಾವ ದಾರದ್ದು ಎಂಬುದು ಅವಳ ನೋಟ್‌ಪುಸ್ತಕದಲ್ಲಿ ಮಾತ್ರ ಉಳಿಯಿತು.

*

"ಲ್ಯಾಬ್‌ನೋರು ಒಂದೊಂದು ನೊಣದ ಕಾಲು ಕಿತ್ತು, ಅರೆದು, ಡಿಎನ್‌ಎ ಓದಿದಾರೆ," ಲಾವಣ್ಯ ಕಣ್ಣೊರೆಸಿಕೊಂಡು ಕಾಗದ ಬಿಡಿಸಿದಳು. "ಅವರಿಗೆ ದಾರದ ವಿಷ್ಯ ಗೊತ್ತೇ ಇಲ್ಲ. ಆದ್ರೂ ನೊಣಗಳು ಎರಡು ಗುಂಪಾಗಿ ಬಂದಿವೆ. ಎರಡು ಬೇರೆ ಬೇರೆ ಜಾತಿ! ನಿನ್ನೆ ನೋಟ್‌ಪುಸ್ತಕ ಇಟ್ಕೊಂಡು ತಾಳೆ ನೋಡ್ದೆ. ನಲವತ್ತರಲ್ಲಿ ಮೂವತ್ತೊಂಬತ್ತು ಅಜ್ಜಿ ಹೇಳ್ದಂಗೇ ಇವೆ."

ಮೂಲೆಯಲ್ಲಿ ತಮಟೆ ಕಾಯಿಸುತ್ತಿದ್ದವನೂ ಎದ್ದು ಬಂದ.

"ಒಂದು ತಪ್ಪಾಯ್ತಲ್ಲ?" ಎಂದ ಮುನಿಶಾಮಪ್ಪ.

"ಎಪ್ಪತ್ತೆರಡು ವರ್ಷದ ಕಣ್ಣು, ಪೊರೆ ಬೇರೆ ಬಂದಿತ್ತು," ಅಶ್ವತ್ಥಮ್ಮ ತಿರುಗಿಬಿದ್ದಳು. "ನಿನ್ನ ಕಣ್ಣಿಗೇನಾಗಿತ್ತಪ್ಪ?"

ಯಾರೋ ಕಿಸಕ್ಕೆಂದರು. ನಗು ಅಂಗಳಕ್ಕೆಲ್ಲ ಹಬ್ಬಿತು. ಚಲಪತಿಯೂ ನಕ್ಕ, ನಗುತ್ತಲೇ ಮುಖ ಮುಚ್ಚಿಕೊಂಡು ಬಿಕ್ಕಿದ.

"ಹಂಗಾದ್ರೆ ಆ ಬಾಟ್ಲಿ ಮೋಸ ಅಲ್ಲ ಅಂತೀಯಾ?" ಮುನಿಶಾಮಪ್ಪನ ದನಿ ತಗ್ಗಿತ್ತು.

"ಅಲ್ಲ ತಾತ. ಆ ವಾಸನೆ ಬಿಳಿ ದಾರದ ನೊಣಕ್ಕೆ ಮಾತ್ರ. ಕೆಂಪಿಗೆ ಬೇರೆ ವಾಸನೆ ಹುಡುಕ್ಬೇಕು. ಯಾರನ್ನ ಹಿಡೀಬೇಕು ಅಂತ ಈಗ ಗೊತ್ತಾಯ್ತಲ್ಲ!"

ಚಟ್ಟ ಮೇಲೆದ್ದರೂ ಮಾತು ನಿಲ್ಲಲಿಲ್ಲ. ತೋಟದ ದಾರಿಯುದ್ದಕ್ಕೂ ತಮಟೆಯ ಸದ್ದನ್ನು ಮೀರಿ ಪ್ರಶ್ನೆಗಳು ಹಾರಿದವು. ಮುಂದಿನ ಬಿದಿರಿಗೆ ಹೆಗಲು ಕೊಟ್ಟಿದ್ದ ಮುನಿಶಾಮಪ್ಪ ಹಿಂತಿರುಗಿ ಕೂಗಿದ: "ಸೀಬೆಗೆ ಬರೋದೂ ಕೆಂಪೇನಾ ತಾಯಿ?"

"ನೋಡ್ಬೇಕು ತಾತ! ಹಿಡಿದುಕೊಡಿ, ಕಳಿಸ್ತೀನಿ!"

"ನಮ್ಮತ್ತಿಗೆಗೆ ಇದನ್ನ ಕೇಳೋ ಪುಣ್ಯ ಇರ್ಲಿಲ್ಲವಲ್ಲ, ದೇವುಡಾ," ಎಂದು ತನ್ನಷ್ಟಕ್ಕೇ ಹೇಳಿಕೊಂಡು ಹೆಗಲು ಬದಲಿಸಿದ.

ತೋಟದ ಅಂಚಿನ ಗುಣಿಯಲ್ಲಿ ಮಲಗಿಸಿ ಎಲ್ಲರೂ ಹಿಡಿಮಣ್ಣು ಹಾಕಿದರು. ಗುಡ್ಡೆ ಮಾಡಿದ ಮಣ್ಣಿನ ಮೇಲೆ ಅಶ್ವತ್ಥಮ್ಮ ಹಾಲು ತುಪ್ಪ ಬಿಟ್ಟು, ಹತ್ತಿರದ ಮರದಿಂದ ಒಂದು ರಸಪುರಿ ಕಿತ್ತು ಇಟ್ಟಳು. ಎಲ್ಲರೂ ಹಿಂತಿರುಗಿ ನೋಡದೆ ಹೊರಡಬೇಕು ಎಂದು ಹಿರಿಯರೊಬ್ಬರು ಹೇಳಿದರು.

ಅಷ್ಟರಲ್ಲಿ ಹಣ್ಣಿನ ಮೇಲೆ ಒಂದು ನೊಣ ಬಂದು ಕೂತಿತು.

ಯಾರೂ ಹೊರಡಲಿಲ್ಲ. ಮುನಿಶಾಮಪ್ಪ ಮೊಣಕಾಲೂರಿ, ಹಸಿಮಣ್ಣಿಗೆ ಕೆನ್ನೆ ತಾಗುವಷ್ಟು ಬಗ್ಗಿ, ಅದು ಹೇಗೆ ನಡೆಯುತ್ತದೆಂದು ನೋಡಿದ. ಅವನ ಸುತ್ತ ಚಲಪತಿ, ಲಾವಣ್ಯ, ತಮಟೆಯವನು, ಹೆಗಲು ಕೊಟ್ಟವರೆಲ್ಲ ತಲೆಗೆ ತಲೆ ತಾಗಿಸಿ ಕುಕ್ಕರುಗಾಲಲ್ಲಿ ಕೂತರು. ಅದನ್ನು ಓಡಿಸಲು ಒಬ್ಬರ ಕೈಯೂ ಏಳಲಿಲ್ಲ.