ತವರಿನ ಗುಳಿಗೆ

ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ಈ ಮಾತಿಗೆ ಎದುರಾಡುವ ಗಂಡಸು ಕಿರುಗಾವಲಿನ ಸುತ್ತಮುತ್ತ ಇನ್ನೂ ಹುಟ್ಟಿಲ್ಲ. ಹಾಗಿರುವಾಗ, ಬಸುರಿ ಮಗಳು ಚಲುವಮ್ಮನನ್ನು ಕರೆತರಲು ಕಿರುಗಾವಲಿನಿಂದ ಯಲಿಯೂರಿಗೆ ಹೋದ ಸೋಮಮ್ಮನಿಗೆ ಬೀಗಿತ್ತಿ ಪಟ್ಟಲಮ್ಮ ಅಡ್ಡಿ ಮಾಡಿದ್ದು ಸರಿಬರಲಿಲ್ಲ.

"ಇಲ್ಲೇ ಇರ್ಲಿ ಕಣಕ್ಕ. ಡಾಕ್ಟ್ರು ಬಸುರೀರ್ಗೆಲ್ಲಾ ರಕ್ತ ಆಗೋ ಗುಳಿಗೆ ಕೊಡ್ತಾವ್ರೆ," ಎಂದಳು ಪಟ್ಟಲಮ್ಮ.

"ನಮ್ಮೂರಲ್ಲೂ ಕೊಡ್ತಾವ್ರೆ ಬುಡಕ್ಕ. ನಾವೇನು ಕಾಡಲ್ಲಿದ್ದೀವಾ?"

ಸುಳ್ಳಲ್ಲ. ಅದೇ ಡಾಕ್ಟರುಗಳು, ಅದೇ ಜೀಪು, ಅದೇ ಕೆಂಪು ಗುಳಿಗೆ. ಮಗಳನ್ನು ಕರೆತಂದ ಸೋಮಮ್ಮ ದಿನಾ ಎದುರಿಗೇ ನಿಂತು ನುಂಗಿಸಿ, ಮಗಳ ಬಾಯಿ ತೆರೆಸಿ ನೋಡುತ್ತಿದ್ದಳು. "ನಾನೇನು ಎಳೆಕೂಸಾ ಅವ್ವ?" ಎಂದು ಚಲುವಮ್ಮ ನಗುತ್ತಿದ್ದಳು. ಬರಬರುತ್ತಾ ಅವಳ ತುಟಿಯೇ ಬಿಳಿಚಿಕೊಂಡಿತು. ಹೆರಿಗೆಯಲ್ಲಿ ಹೋದ ರಕ್ತವನ್ನು ತಡೆದುಕೊಳ್ಳುವ ಶಕ್ತಿ ಆ ಮೈಯಲ್ಲಿ ಇರಲಿಲ್ಲ. ಹೆಣ್ಣುಕೂಸು ಉಳಿಯಿತು, ಚಲುವಮ್ಮ ಹೋದಳು.

ತಿಥಿಗೆ ಬಂದ ಪಟ್ಟಲಮ್ಮ ನೆಂಟರೆಲ್ಲರ ಮುಂದೆ ಅಂದೇಬಿಟ್ಟಳು: "ಇವ್ಳು ಗುಳಿಗೆ ತಿನ್ಸಿಲ್ಲ. ನಮ್ಮೂರಲ್ಲಿ ತಿಂದೋರೆಲ್ಲಾ ಗುಂಡ್ಕಲ್ಲಂಗವ್ರೆ. ಕೂಸ್ನ ಇವ್ಳ ಕೈಲಿ ಬುಡಾಕಿಲ್ಲ."

"ದೇವ್ರಾಣೆ ತಿನ್ಸಿದ್ದೀನಿ ಕಣಕ್ಕ," ಎಂದು ಸೋಮಮ್ಮ ಅತ್ತರೂ ಯಾರೂ ನಂಬಲಿಲ್ಲ. ಕೂಸು ಸ್ವಲ್ಪ ಬಲಿಯಲಿ, ಆಮೇಲೆ ಯಲಿಯೂರಿಗೆ ಕಳಿಸಿದರಾಯಿತು ಎಂದು ಹಿರಿಯರು ತೀರ್ಮಾನಿಸಿದರು. ಸೋಮಮ್ಮನಿಗೆ ಆ ಕೂಸು ಬಿಟ್ಟರೆ ಬೇರೆ ಜೀವವೇ ಇರಲಿಲ್ಲ.

ಅಷ್ಟರಲ್ಲಿ ಬೆಂಗಳೂರಿನಿಂದ ಒಂದು ಸಮಿತಿ ಬಂತು. ಜೀಪಿನ ಡಾಕ್ಟರುಗಳು ಗುಳಿಗೆ ಹಂಚಿ ನಡೆಸುತ್ತಿದ್ದ ಪರೀಕ್ಷೆಯನ್ನು ಮದ್ದೂರು ತಾಲ್ಲೂಕಿಗೂ ಒಯ್ಯಲು ಒಪ್ಪಿಗೆ ಕೊಡಬಹುದೇ ಎಂದು ವಿಚಾರಿಸಲು ಊರಿನ ಸ್ಕೂಲಿನಲ್ಲಿ ಕುಳಿತಿತು. ಸೋಮಮ್ಮ ಕೂಸನ್ನು ಎತ್ತಿಕೊಂಡು ಹೋದಳು.

"ನಾ ತಿನ್ಸಿದ್ದು ನಿಜ ಅಂತ ನಮ್ ಬೀಗಿತ್ತಿಗೆ ಒಂದ್ಮಾತು ಯೋಳಿ ಸಾಮಿ. ಕೂಸು ನನ್ ತಾವೇ ಉಳ್ಕತದೆ."

ಸಮಿತಿಯ ಹಿರಿಯ ಡಾಕ್ಟರು ಕಸ್ತೂರಿರಂಗ ತಲೆ ತಗ್ಗಿಸಿದರು. ಪಕ್ಕದವರು ಇಂಗ್ಲಿಷಿನಲ್ಲಿ ಏನೋ ಪಿಸುಗುಟ್ಟಿ ತಡೆಯಲು ನೋಡಿದರು. ಡಾಕ್ಟರು ಕೇಳಲಿಲ್ಲ.

"ನೀವು ತಿನ್ನಿಸಿದ್ದೀರಿ ತಾಯಿ. ಆದರೆ ಗುಳಿಗೆಯಿಂದ ಎಷ್ಟು ಗುಣ ಅಂತ ತಿಳಿಯೋಕೆ ಒಂದು ಕಡೆಗೆ ಔಷಧಿ, ಇನ್ನೊಂದು ಕಡೆಗೆ ಬರೀ ಹಿಟ್ಟಿನ ಗುಳಿಗೆ ಕೊಟ್ಟಿದ್ದಾರೆ. ನಿಮ್ಮೂರಿಗೆ ಬಂದದ್ದು ಹಿಟ್ಟು. ನಿಮಗೆ ಹೇಳಿ, ನಿಮ್ಮನ್ನು ಕೇಳಬೇಕಿತ್ತು. ಯಾರೂ ಕೇಳಲಿಲ್ಲ. ಇದು ಮುಂದುವರಿಯೋಕೆ ನಾನು ಬಿಡಲ್ಲ."

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಸೋಮಮ್ಮನಿಗೂ ಗೊತ್ತಿತ್ತು. ಕೆಂಪಗಿರುವುದೆಲ್ಲ ಔಷಧಿಯಲ್ಲ ಎಂದು ಅವಳಿಗೆ ಹೇಳುವ ಪುಣ್ಯಾತ್ಮ ಆ ಜೀಪಿನಲ್ಲಿ ಒಬ್ಬನೂ ಇರಲಿಲ್ಲ.

"ಯಲಿಯೂರ್ಗೆ?" ಎಂದು ಕೇಳಿದಳು.

"ಔಷಧಿ."

ಅವಳು ಕೂಸನ್ನು ಎದೆಗೆ ಅವಚಿಕೊಂಡಳು. "ಹಿಟ್ಟು ನಮ್ಮನೇಲೇ ಇತ್ತಲ್ಲ ಸಾಮಿ," ಎಂದಳು ಆಮೇಲೆ.

"ನಿಮ್ಮ ತಪ್ಪಿಲ್ಲಮ್ಮ. ನಾನೇ ಹೋಗಿ ಬೀಗಿತ್ತಿಗೆ ಹೇಳ್ತೀನಿ. ಕೂಸು ನಿಮ್ಮ ಹತ್ತಿರವೇ ಇರುತ್ತೆ."

ಸೋಮಮ್ಮ ಬೇಡವೆಂದು ತಲೆಯಾಡಿಸಿದಳು. ಬೆಳಗಾಗುತ್ತಲೇ ಬಸ್ಸು ಹತ್ತಿ ಯಲಿಯೂರಿಗೆ ಹೋಗಿ, ಕೂಸನ್ನು ಪಟ್ಟಲಮ್ಮನ ಮಡಿಲಿಗೆ ಹಾಕಿದಳು.

"ಅಂಗಾದ್ರೆ ತಿನ್ಸಿಲ್ಲ ಅಂತ ಒಪ್ಕತೀಯಾ?" ಎಂದಳು ಪಟ್ಟಲಮ್ಮ.

"ತಿನ್ಸಿದ್ದೆ ಕಣಕ್ಕ, ಒಂದೂ ಬುಡ್ದಂಗೆ. ಇದ್ನ ನೀನೇ ಸಾಕು. ನಾಳೆ ಇದು ಬಸುರಾದಾಗ ಇದಕ್ಕೆ ತವರು ಅಂತಿದ್ರೆ, ಅದು ನಿಮ್ಮೂರೇ ಆಗ್ಲಿ."