ಆಯ್ತಂತೆಯ ಮೊಳೆ

ಚಳಿ ಕಾಲ್ತೆಗೆಯುತ್ತಿದ್ದ ದಿನಗಳು. ಬೆಳಗಿನ ಏಳರ ಹೊತ್ತು, ಹೊಳೆಯ ಮೇಲಿನ ಮಂಜು ಇನ್ನೂ ಎದ್ದಿರಲಿಲ್ಲ. ದೋಣಿ ರಿಪೇರಿಯ ಶೆಡ್ಡಿಗೆ ಕಂಪ್ಯೂಟರ್ ಬಂದದ್ದು ಆಗ. ಹೊತ್ತು ತಂದವರು ಎಲ್ಲಿಡೋಣ ಎಂದು ಕೇಳಿದರು. ಚೀಟಪ್ಪ ತನ್ನ ಊಟದ ಡಬ್ಬಿಯನ್ನು ಸರಿಸಿ ಮೇಜಿನ ಮೇಲೆ ಜಾಗ ಮಾಡಿಕೊಟ್ಟ.

ಚೀಟಪ್ಪ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ನಲವತ್ತೊಂದು ವರ್ಷ ಗೋಡೆಗೆ ಚೀಟಿ ಸಿಕ್ಕಿಸಿ ಸಿಕ್ಕಿಸಿ ಅಂಟಿಕೊಂಡ ಹೆಸರು. ಮೇಜಿನ ಹಿಂದಿನ ಗೋಡೆಗೆ ಒಡೆದ ದೋಣಿಯ ಹಲಗೆಯೊಂದನ್ನು ಹೊಡೆದಿದ್ದರು. ರಿಪೇರಿಗೆ ಬಂದ ಪ್ರತಿ ದೋಣಿಗೂ ಒಂದು ದೊಡ್ಡ ಚೀಟಿ. ಅದು ತಾಯಿ. ಆ ದೋಣಿಗೆ ಆಗಬೇಕಾದ ಒಂದೊಂದು ಕೆಲಸಕ್ಕೂ ಒಂದೊಂದು ಸಣ್ಣ ಚೀಟಿ. ಅವು ಮಕ್ಕಳು. ತಾಯಿ ಎಡಗಡೆ ಕದಲದೆ ಕೂತಿರುತ್ತಿದ್ದಳು. ಮಕ್ಕಳು ಅವಳ ಬಲಕ್ಕಿದ್ದ ನಾಲ್ಕು ಮೊಳೆಗಳ ಮೇಲೆ ಒಂದರಿಂದ ಮುಂದಿನದಕ್ಕೆ ಹೋಗುತ್ತಿದ್ದವು: ಆಗಬೇಕು, ಆಗ್ತಿದೆ, ಆಯ್ತಂತೆ, ಆಯ್ತು. ಕೊನೆಯ ಮಗುವೂ ಕೊನೆಯ ಮೊಳೆ ಮುಟ್ಟಿದ ಮೇಲೆಯೇ ತಾಯಿಯನ್ನು ಇಳಿಸುವುದು, ದೋಣಿಯನ್ನು ನೀರಿಗೆ ಬಿಡುವುದು.

ಮೂರನೆಯ ಮೊಳೆ ಮೊದಲು ಇರಲಿಲ್ಲ. ಅದು ಬರಲು ಚೀಟಪ್ಪನೇ ಕಾರಣ. ಅವನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಸಣ್ಣ ದೋಣಿಯೊಂದರ ಸಂದಿಗೆ ರಾಳ ತುಂಬಿದ್ದಾಯಿತೇ ಎಂದು ವಿಚಾರಿಸಲು ದೊಡ್ಡ ಮೇಸ್ತ್ರಿ ಅವನನ್ನು ಕಳಿಸಿದರು. ರಾಳದವನು ಊಟಕ್ಕೆ ಕೂತಿದ್ದ. "ಮೇಸ್ತ್ರಿ ರಾಳದ ಕೆಲಸ ಕೇಳ್ತಿದ್ದಾರೆ" ಅಂದದ್ದಕ್ಕೆ ತಟ್ಟೆಯಿಂದ ತಲೆಯೆತ್ತದೆ "ಆಯ್ತು" ಅಂದ. ಇವನು ಓಡಿ ಬಂದು "ಆಯ್ತಂತೆ" ಅಂದ. ದೋಣಿ ನೀರಿಗಿಳಿಯಿತು, ಅದರೊಳಗೆ ಮೇಸ್ತ್ರಿಯ ಉಳಿಪೆಟ್ಟಿಗೆಯೂ ಇತ್ತು. ಮಧ್ಯಾಹ್ನ ಹೋಗಿ ನೋಡಿದರೆ ಕಂಬಕ್ಕೆ ಹಗ್ಗವೇನೋ ಬಿಗಿದೇ ಇತ್ತು, ದೋಣಿ ಮಾತ್ರ ಕಾಣಲಿಲ್ಲ. ರಾಳದವನ 'ಆಯ್ತು', 'ಮಾಡಿ ಮುಗಿಸಿದೆ' ಎಂಬ ಆಯ್ತಲ್ಲ, 'ಸರಿ, ಮಾಡ್ತೀನಿ' ಎಂಬ ಆಯ್ತು.

ಮೇಸ್ತ್ರಿ ಬೈಯಲಿಲ್ಲ. ದೋಣಿಗೆ ಹೊಡೆಯುವ ತಾಮ್ರದ ಮೊಳೆಯೊಂದನ್ನು ತಂದು ಹಲಗೆಗೆ ಹೊಡೆದರು. ಮೂರನೇ ಕ್ಲಾಸಿಗೆ ನಿಂತುಹೋಗಿದ್ದ ಅಕ್ಷರದಲ್ಲಿ ಅದರ ಮೇಲೆ 'ಆಯ್ತಂತೆ' ಎಂದು ಚೀಟಪ್ಪನ ಕೈಯಲ್ಲೇ ಬರೆಸಿದರು.

"ಕಿವಿಯಲ್ಲಿ ಕೇಳಿದ್ದು ಇಲ್ಲಿ. ಕಣ್ಣಲ್ಲಿ ಕಂಡದ್ದು ಆ ಕಡೆ. ಈ ಅಂತೆಗೆ ಈಜು ಬರಲ್ಲ ಕಣೋ" ಎಂದು ನಕ್ಕರು. ಕಳೆದುಹೋದದ್ದು ಅವರ ಅಪ್ಪನ ಕಾಲದ ಪೆಟ್ಟಿಗೆ ಎಂದು ಚೀಟಪ್ಪನಿಗೆ ತಿಳಿದದ್ದು ಮೇಸ್ತ್ರಿ ತೀರಿಹೋದ ಮೇಲೆ.

ಕಂಪ್ಯೂಟರಿನ ಜೊತೆಗೆ ಅದನ್ನು ಬಲ್ಲವಳೂ ಬಂದಳು. ಅವಳು ಚೀಟಪ್ಪನ ತಮ್ಮನ ಮಗಳೇ. ಮುಂದಿನ ವಾರ ದೊಡ್ಡಪ್ಪ ಕೆಲಸ ಬಿಡುವವನು, ಅವನ ಮೇಜು ಅವಳಿಗೆ. ಗುರುವಾರ ಅವಳು ಚೀಟಿಗಳನ್ನೆಲ್ಲ ಇಳಿಸಿ, ಒಂದೊಂದನ್ನೇ ನೋಡಿ ಟೈಪ್ ಮಾಡಿ, ಬಿಸ್ಕತ್ತಿನ ಡಬ್ಬಿಗೆ ತುಂಬಿದಳು. ಹಲಗೆ ಬೋಳಾಯಿತು. ಚೀಟಪ್ಪನಿಗೆ ಆ ಕಡೆ ನೋಡಲು ಮನಸ್ಸಾಗಲಿಲ್ಲ.

ಶನಿವಾರ ಬೆಳಿಗ್ಗೆ ಅವಳು ಕೂಗಿ ಕರೆದಳು.

"ದೊಡ್ಡಪ್ಪ, ಬನ್ನಿ ಇಲ್ಲಿ! ಎರಡು ದಿನ ತಲೆ ಕೆಡಿಸ್ಕೊಂಡೆ. ತಾಯಿನ ಹುಡುಕು ಅಂದ್ರೆ ಮಕ್ಕಳನ್ನ ಬಿಟ್ಟು ಬರ್ತಿದ್ಲು. ಮಕ್ಕಳನ್ನ ಹುಡುಕು ಅಂದ್ರೆ ಎಲ್ಲ ತಾಯಂದಿರ ಮಕ್ಕಳೂ ಕಲಸಿಕೊಂಡು ಬರ್ತಿದ್ವು."

"ಶಾಲೆ ಬಿಟ್ಟ ಹಾಗೆ."

"ಹೂಂ, ಹಾಗೇ! ಈಗ ನೋಡಿ. ತಾಯಿ ಬಾಕಿ ಇರ್ಬೇಕು, ಅವಳ ಮಕ್ಕಳೆಲ್ಲ ಮುಗಿದಿರ್ಬೇಕು, ಅಂಥದ್ದನ್ನ ಹುಡುಕು ಅಂದೆ."

ಪರದೆಯ ಮೇಲೆ ಒಂದೇ ಸಾಲು ಬಂತು. ಹಿರಿ ಲಾಂಚ್. ಮಕ್ಕಳು ಹದಿನಾಲ್ಕು, ಮುಗಿದದ್ದು ಹದಿನಾಲ್ಕು. ಜನರನ್ನು ಹೊಳೆ ದಾಟಿಸುವ ಲಾಂಚ್ ಅದು, ಒಂದು ಸಲಕ್ಕೆ ನಲವತ್ತು ಮಂದಿ.

"ತಾಯಿನೂ ಮುಗಿಸಿಬಿಡ್ಲಾ? ನಾಲ್ಕು ಗಂಟೆಗೆ ನೀರಿಗೆ ಬಿಡ್ಬೇಕು ಅಂದಿದ್ದಾರೆ ಯಜಮಾನ್ರು."

ಚೀಟಪ್ಪ ಕನ್ನಡಕ ಏರಿಸಿ ಆ ಸಾಲನ್ನೇ ನೋಡಿದ. "ಇದರಲ್ಲಿ ಅಂತೆ ಎಷ್ಟು?"

"ಅಂತೆನಾ? ಇದರಲ್ಲಿ ಮೂರೇ ಇರೋದು ದೊಡ್ಡಪ್ಪ. ಬಾಕಿ, ನಡೆಯುತ್ತಿದೆ, ಮುಗಿದಿದೆ. ಅಂತೆ ಮೊಳೇಲಿ ಇದ್ದದ್ದನ್ನೆಲ್ಲ ಮುಗಿದಿದ್ರಲ್ಲೇ ಹಾಕ್ದೆ. ಆಯ್ತಂತೆ ಅಂದ್ರೂ ಆಯ್ತು ಅಂತಾನೇ ಅಲ್ವಾ?"

ಚೀಟಪ್ಪ ಪರದೆಗೆ ಅಡ್ಡ ಕೈ ಹಿಡಿದ. ದನಿ ಮಾತ್ರ ಏರಲಿಲ್ಲ.

"ಕೈ ತೆಗಿ ಮಗಳೇ. ಆ ಡಬ್ಬಿ ಕೊಡು."

"ಚೀಟಿ ನೋಡಿದ್ರೆ ಹೇಗೆ ಗೊತ್ತಾಗತ್ತೆ? ಯಾವುದು ಯಾವ ಮೊಳೇಲಿತ್ತು ಅಂತ ಬರೆದಿಲ್ವಲ್ಲ."

"ತೂತು ಎಣಿಸು."

ಮೊಳೆಯಿಂದ ಮೊಳೆಗೆ ಹೋದ ಚೀಟಿಗೆ ಮೊಳೆಗೊಂದು ತೂತು. ಹಿರಿ ಲಾಂಚಿನ ಚೀಟಿಗಳನ್ನು ಇಬ್ಬರೂ ಕಿಟಕಿಯ ಬೆಳಕಿಗೆ ಹಿಡಿಯುತ್ತಾ ಹೋದರು. ನಾಲ್ಕು, ನಾಲ್ಕು, ಮತ್ತೆ ನಾಲ್ಕು. ಹದಿಮೂರರಲ್ಲಿ ನಾಲ್ಕು ತೂತು. ಒಂದರಲ್ಲಿ ಮೂರೇ, ಮೂರನೆಯದರ ಅಂಚಿಗೆ ತಾಮ್ರದ ಹಸಿರು ಕಿಲುಬು. ಅದರ ಮೇಲೆ ಅವನದೇ ಅಕ್ಷರ: ತಳದ ಬೂಚು. ದಡದಲ್ಲಿದ್ದಾಗ ಒಳಗಿನ ನೀರು ಹರಿದುಹೋಗಲೆಂದು ಲಾಂಚಿನ ತಳದಲ್ಲಿ ಬಿಟ್ಟ ತೂತನ್ನು ಮುಚ್ಚುವ ಬೂಚು ಅದು.

"ಇದು ಆಗಿದೆ ದೊಡ್ಡಪ್ಪ! ಮಂಗಳವಾರ ನಾನೇ ಇಂಜಿನ್ನಿನವರ ಹತ್ರ ಕೇಳ್ಕೊಂಡು ಬಂದು ನಿಮಗೆ ಹೇಳಿದ್ನಲ್ಲ."

"ಹೇಳಿದ್ದೆ. ನಾನು ಹೋಗಿ ನೋಡಿರಲಿಲ್ಲ. ಮಂಡಿ ನೋವು ಅಂತ ನಾಳೆ ನಾಳೆ ಅಂದೆ. ಅಷ್ಟರಲ್ಲಿ ಚೀಟಿ ಇಳಿದುಬಿಟ್ತು."

ಮಂಡಿ ಹಿಡಿದುಕೊಂಡೇ ಅವನು ಲಾಂಚಿನ ಕೆಳಗೆ ತೆವಳಿದ. ಅವಳೂ ಹಿಂದೆಯೇ ಬಗ್ಗಿದಳು. ತಳದಲ್ಲಿ ಒಂದು ದುಂಡು ಬೆಳಕು. ಚೀಟಪ್ಪ ಹೆಬ್ಬೆರಳು ಇಟ್ಟ. ಬೆರಳು ಪೂರ್ತಿ ಒಳಗೆ ಹೋಯಿತು.

ಮೇಲಿನಿಂದ ಇಂಜಿನ್ನಿನವನ ತಲೆ ಇಣುಕಿತು. "ಏನೋ ಚೀಟಪ್ಪ, ಅಲ್ಲೇ ಒಂದು ನಿದ್ದೆ ತೆಗೆಯೋ ಅಂದಾಜಾ?"

"ಬೂಚು ಎಲ್ಲೋ?"

"ಜೇಬಲ್ಲಿದೆ. ಹಾಕ್ತೀನಿ ಅಂತ ಮಂಗಳವಾರಾನೇ ಹೇಳಿದ್ನಲ್ಲ ನಿನ್ನ ಮಗಳಿಗೆ."

"ಏನಂತ ಹೇಳ್ದೆ?"

"ಆಯ್ತು ಅಂದೆ."

ಅವಳ ಮುಖದಿಂದ ಬಣ್ಣ ಇಳಿಯಿತು. ಚೀಟಪ್ಪ ಬೈಯಲಿಲ್ಲ. ಮೇಜಿಗೆ ವಾಪಸು ಬಂದು, ಫ್ಲಾಸ್ಕಿನ ಚಹಾವನ್ನು ಎರಡು ಲೋಟಕ್ಕೆ ಬಗ್ಗಿಸಿ, ಉಳಿಪೆಟ್ಟಿಗೆ ಮುಳುಗಿದ ಕತೆಯನ್ನು ನಿಧಾನವಾಗಿ ಹೇಳಿದ. ಹೇಳುವಾಗ ಮೇಸ್ತ್ರಿಯ ನಗು, ಆ ದಿನದ ಸುತ್ತಿಗೆಯ ಸದ್ದು, ಹೊಸ ತಾಮ್ರದ ಹೊಳಪು ಎಲ್ಲ ಎದುರಿಗೇ ಬಂದು ಕೂತ ಹಾಗಾಯಿತು.

"ಹಾಗಾದ್ರೆ ನೀವೂನಾ ದೊಡ್ಡಪ್ಪ?"

"ನಾನೇ ಮೊದಲು. ನಿನ್ನದು ಮುಳುಗೋ ಮುಂಚೆ ಸಿಕ್ತು. ನೀನೇ ವಾಸಿ."

ಅವಳು ಮೂಗು ಒರೆಸಿಕೊಂಡು ಕಂಪ್ಯೂಟರಿನ ಕಡೆ ತಿರುಗಿದಳು. "ಇದಕ್ಕೂ ಒಂದು ಮೊಳೆ ಹೊಡೀಬಹುದು. ಯಾರೂ ಬೇಡ ಅಂದಿಲ್ಲ."

ಸ್ವಲ್ಪ ಹೊತ್ತಿಗೆ ಮೂರಿದ್ದದ್ದು ನಾಲ್ಕಾಯಿತು. ತಾಯಿ ಬಾಕಿ, ಮಕ್ಕಳಲ್ಲಿ ಒಂದಾದರೂ ಆಯ್ತಂತೆ ಎಂದು ಹುಡುಕಿದಾಗ ಹಿರಿ ಲಾಂಚ್ ಬಂತು, ಅದರ ಕೆಳಗೆ ಬೂಚೊಂದೇ. ಡಬ್ಬಿಯಲ್ಲಿ ಉಳಿದ ದೋಣಿಗಳ ಚೀಟಿಗಳ ತೂತುಗಳನ್ನೂ ಅವಳು ಎಣಿಸಿ ಸರಿಪಡಿಸಿದಳು.

ಮಧ್ಯಾಹ್ನ ಇಂಜಿನ್ನಿನವನು ಬಂದು ಬಾಗಿಲಲ್ಲಿ ನಿಂತು "ಈಗ ನಿಜವಾಗ್ಲೂ ಆಯ್ತು" ಅಂದ. ಚೀಟಪ್ಪ ಎದ್ದೇಳಲಿಲ್ಲ.

"ನೀನು ಹೋಗಿ ನೋಡ್ಬಾ ಮಗಳೇ."

ಅವಳು ಹೋಗಿ, ಬಗ್ಗಿ, ಮುಟ್ಟಿ, ಹೆಬ್ಬೆರಳಿಗೆ ಗ್ರೀಸು ಮೆತ್ತಿಕೊಂಡು ಬಂದಳು. "ಆಯ್ತು ದೊಡ್ಡಪ್ಪ" ಎಂದು ತಾಯಿಯನ್ನು ಮುಗಿಸಿದಳು. ನಾಲ್ಕು ಗಂಟೆಗೆ ಲಾಂಚ್ ನೀರಿಗಿಳಿಯಿತು. ಒಳಗೆ ಒಂದು ಹನಿ ಬರಲಿಲ್ಲ.

ಮುಂದಿನ ಬುಧವಾರ ಕೆಲಸ ಬಿಟ್ಟು ಚೀಟಪ್ಪ ಹೊರಟದ್ದು ಅದೇ ಲಾಂಚಿನಲ್ಲಿ, ಆಚೆ ದಡದಲ್ಲಿದ್ದ ತನ್ನ ಮಗಳ ಮನೆಗೆ. ಊಟದ ಡಬ್ಬಿಯೊಳಗೆ, ಹಲಗೆಯಿಂದ ಕಿತ್ತುಕೊಂಡ ಆ ತಾಮ್ರದ ಮೊಳೆ ಕಿಣಿಕಿಣಿ ಅನ್ನುತ್ತಿತ್ತು. ತಮ್ಮನ ಮಗಳು ಹೊಳೆಯ ಮೆಟ್ಟಿಲ ಮೇಲೆ ನಿಂತೇ ಇದ್ದಳು. ಶೆಡ್ಡಿಗೆ ಮರಳಿದಾಗ ಇಂಜಿನ್ನಿನವನು ತಲೆಯೆತ್ತಿ ಕೇಳಿದ.

"ಹೋದ್ನಂತಾ ಚೀಟಪ್ಪ?"

"ಅಂತೆ ಅಲ್ಲ. ಹೋದ್ರು. ಆ ದಡ ಹತ್ತೋವರೆಗೂ ನಿಂತು ನೋಡ್ದೆ."